ಕುಣಿ

ಬೆಟಗೇರಿಯ ಶೆಡ್ಡಿನೊಳಗೆ ಆರು ಮಗ್ಗ ಎಬ್ಬಿಸಿ
ಐದು ಕುಣಿ ಮುಚ್ಚಿಸಿದಳು ತುಳಜಾಬಾಯಿ ಬಾಕಳೆ.
ಒಂದನ್ನು ಹಾಗೇ ಬಿಟ್ಟಳು.
"ಇದ್ಯಾಕ ಬಿಟ್ರಿ ಬಾಯಿ?" ಅಂದೆ.
"ನಿನ್ನ ಸಲುವಾಗಿ. ಇಳಿ."

ಇಳಿದೆ. ಹತ್ತೊಂಬತ್ತು ವರ್ಷ ನನಗೆ,
ಹುಲಕೋಟಿಯಿಂದ ಮೊದಲ ಬಸ್ಸಿಗೆ ಬಂದವಳು,
ಗೆಜ್ಜೆಯ ಗಂಟು ಇನ್ನೂ ಬಗಲಲ್ಲಿ.
ನನ್ನ ಸೊಕ್ಕೆಲ್ಲ ಕಾಲಲ್ಲಿತ್ತು.
ಧಾರವಾಡದ ಗುರುಗಳು ಹೊಗಳಿದ್ದು ಕಾಲನ್ನು,
ಪೇಪರಿನವರು ಫೋಟೊ ಹಿಡಿದದ್ದೂ ಅದನ್ನೇ.
ಅಂಥ ಕಾಲನ್ನು ಸೊಂಟದ ತನಕ ನೆಲ ನುಂಗಿತು.
ಮ್ಯಾಲೆ ಉಳಿದದ್ದು ಎರಡು ಕೈ, ಒಂದು ಕುತ್ತಿಗೆ,
ಮತ್ತೆ ಸಿಟ್ಟು.

"ಕುಣಿ" ಅಂದಳು.
ಯಾವ ಕುಣಿ?
ನಿಂತ ಜಾಗದ ಹೆಸರೋ, ಮಾಡಬೇಕಾದ ಕೆಲಸವೋ?
ಆಕೆಯ ಹೆಸರಲ್ಲಿ ಬಾಯಿ ಇತ್ತು, ಬಿಡಿಸಿ ಹೇಳಲಿಕ್ಕೆ ಇರಲಿಲ್ಲ.
ಮನೆಮಾತು ಪಟ್ಟೇಗಾರರದು,
ಬೈಗುಳ ಮಾತ್ರ ಅಚ್ಚಗನ್ನಡ.

ತಬಲಾ ಇಲ್ಲ. ಹಳೇ ಲಾಳಿಯೊಂದರಿಂದ
ಕಂಡಿಕೆ ಡಬ್ಬಿ ಬಡಿಯುವಳು: ಖಟ್, ಖಟ್, ಸುಮ್ಮ. ಖಟ್.
ಆ ಸುಮ್ಮದೊಳಗೆ ನಾನು ಇಲ್ಲದ ಕಾಲ್ಮಣೆ ತುಳಿಯಬೇಕು,
ಕತ್ತಲಲ್ಲಿ, ಯಾರೂ ನೋಡದ ಕಡೆ.
ನನಗೆ ಬೆನ್ನು ಹಾಕಿ ಕೂತು ಲಡಿ ಬಿಡಿಸುತ್ತಿದ್ದವಳು
ಹೊರಳದೆ ಅಂದಳೊಮ್ಮೆ,
"ಎಡಗಾಲು ಮಲಗೇತಿ. ಎಬ್ಬಿಸು."
ಮಲಗಿತ್ತು, ನಿಜ.
ಹೇಗೆ ತಿಳಿಯಿತೋ, ಇವತ್ತಿಗೂ ಕೇಳಿಲ್ಲ.

"ನಮ್ಮಪ್ಪ ನಾಲ್ವತ್ತು ವರ್ಷ ಇದರಾಗ ಕುಣದಾನ.
ಮಂದಿಗೆ ಕಂಡದ್ದು ಕೈ ಅಷ್ಟ.
ಸೀರಿ ನೇದದ್ದು ಕಾಲು."
ಇಷ್ಟು ಉದ್ದ ಮಾತಾಡಿದ್ದು ಅದೊಂದೇ ದಿನ.

ಇಲ್ಲ, ಇನ್ನೊಂದು ದಿನ ಇದೆ.
ಬದನೀಕಾಯಿ ಬಜಿ ಕಟ್ಟಿಸಿಕೊಂಡು ಬಂದು
ಕುಣಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತಾಗ,
"ನಿಮ್ಮ ಮಂದಿಗೆ ಕಡೀಕೂ ಕುಣಿನ ಅಲ್ಲೇನ, ಫಕೀರವ್ವಾ?
ನಮಗಾದರ ಬೆಂಕಿ.
ಈಗಿಂದನ ರೂಢಿ ಮಾಡಿಕೋ."
ಎಣ್ಣೆಗೈ ಸೆರಗಿಗೆ ಒರೆಸಿ ನಕ್ಕಳು.
ನನಗೆ ನಗು ಬಂದದ್ದು ಬಸ್ಸು ಹತ್ತಿದ ಮೇಲೆ.

ಹುಬ್ಬಳ್ಳಿಯ ಸ್ಟೇಜು ಕಟ್ಟಿಗೆಯದು. ಅಗಿಯಲಿಕ್ಕೆ ಬರುವುದಿಲ್ಲ.
ಮ್ಯಾನೇಜರು ಗಾಬರಿಯಿಂದ ಆಕೆಯ ಕೈಯ ಚೀಲ ನೋಡಿದ,
ಹಾರೆ ತಂದಳೇನೋ ಅಂತ.
ಚೀಲದಲ್ಲಿ ಹಾಸು ಇತ್ತು. ಹೊಕ್ಕು ಕಾಣದ ಬರೀ ಹಾಸು,
ಕೆಂಪೆಳೆ ಸಾವಿರದ ಮೇಲೆ.
ಎರಡು ಗೂಟಕ್ಕೆ ನನ್ನ ಸೊಂಟದೆತ್ತರ ಬಿಗಿದು
ಆ ಕಡೆ ನನ್ನ ನಿಲ್ಲಿಸಿದಳು.
ದೀಪ ಬಿತ್ತು. ಎಳೆಗಳ ಹಿಂದೆ
ನನ್ನ ಕಾಲು ಇದ್ದೂ ಇಲ್ಲ.

ಮೂರನೇ ಸಾಲಿನಲ್ಲಿ ಯಾರೋ "ಕಾಲೆಲ್ಲಿ?" ಅಂದರು.
ಯಾರೋ ಕೆಮ್ಮಿದರು. ಒಬ್ಬರು ಎದ್ದೇ ಹೋದರು.
ಕೊನೆಯ ಸಾಲಿನ ಬಾಗಿಲ ಬೆಳಕಲ್ಲಿ
ಟೊಪ್ಪಿಗೆಯ ಮುದುಕನೊಬ್ಬ ಚಪ್ಪಲಿ ಬಿಟ್ಟ.
ಅವನ ಪಾದ, ಒಂದಾದ ಮೇಲೊಂದು,
ತಾನಾಗಿ ನೆಲ ಒತ್ತತೊಡಗಿತು,
ನಾನು ಒತ್ತಿದಾಗ, ಸರಿಯಾಗಿ ಆಗಲೇ.
ಅವನಿಗೆ ಗೊತ್ತಿರಲಿಲ್ಲ. ನೋಡಿದವಳು ನಾನೊಬ್ಬಳೇ.
ಅಲ್ಲ, ಪರದೆಯ ಪಕ್ಕ ನಿಂತು
ಆಕೆಯೂ ನನ್ನನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು.

ಗೂಟ ಕೀಳುವಾಗ ಅಂದಳು, "ಆತು."
ಅಷ್ಟೇ.
ಇಪ್ಪತ್ತೆರಡು ವರ್ಷದಿಂದ
ಆ ಎರಡಕ್ಷರದ ಬಡ್ಡಿ ಉಣ್ಣುತ್ತಿದ್ದೇನೆ.

ಮೊನ್ನೆ ಫೋನು ಮಾಡಿದೆ.
"ಬಾಯಿ, ಡಾಕ್ಟರು ಮಂಡಿ ಮುಗೀತು ಅಂದಾರ.
ಮುಂದಿನ ವಾರದ ಸ್ಟೇಜು ಭಾಳ ದೊಡ್ಡದೈತಿ."
"ಸಣ್ಣದ ಮಾಡಿಕೋ."
"ಹೆಂಗ?"
ಆ ಕಡೆ ಹಾಲು ಉಕ್ಕಿತೇನೋ, ಪಾತ್ರೆಯ ಸದ್ದು,
ಒಂದು ಬೈಗುಳ. ನನಗೋ, ಹಾಲಿಗೋ.
ಫೋನು ಇಟ್ಟಳು.

ಸೀಮೆಸುಣ್ಣ ತಂದಿದ್ದೇನೆ.
ಎರಡು ಮೊಳ, ಮೂರು ಮೊಳ.
ಗೆರೆ ಕೊಂಚ ಸೊಟ್ಟಾಗಿದೆ, ಆಗಲಿ.
ನೆಲಕ್ಕೂ ನನಗೂ ಕೇಳುವ ಹಾಗೆ
ಮೆಲ್ಲಗೆ ಅನ್ನುತ್ತೇನೆ ಆಕೆಯ ಧ್ವನಿಯಲ್ಲಿ,
ಇಳಿ.